ಡಿಸ್ಕ್ ನಮ್ಮದು, ಬೀಗದ ಕೈ ಯಾರದು? ಕಂಪ್ಯೂಟರಲ್ಲಿ ಬ್ಲೂ-ರೇ ಓಡದ ಕಥೆ

ಭಾಗ 1/8: ಸಿನಿಮಾ ಇದೆ, ಆದರೆ ಓಡಲ್ಲ

ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ ಅಸಲಿ ಬ್ಲೂ-ರೇ ಡಿಸ್ಕು. ಕಂಪ್ಯೂಟರಲ್ಲಿರೋದೂ ಬ್ಲೂ-ರೇ ಡ್ರೈವೇ. ಟ್ರೇ ಒಳಗೆ ಹೋಗುತ್ತೆ, ಡಿಸ್ಕ್ ಗುಂಯ್ ಅಂತ ತಿರುಗುತ್ತೆ, ಸಿನಿಮಾದ ಹೆಸರೂ ಸ್ಕ್ರೀನ್ ಮೇಲೆ ಬರುತ್ತೆ. ತೆರೆದು ನೋಡಿದರೆ 'ಬಿಡಿಎಂವಿ' ಅನ್ನೋ ಫೋಲ್ಡರ್, ಅದರೊಳಗೆ 'ಸ್ಟ್ರೀಮ್', ಅದರೊಳಗೆ 20–30 ಜಿಬಿಯ ಒಂದು ದೊಡ್ಡ ಫೈಲು. ಸಿನಿಮಾ ಅಂದ್ರೆ ಅದೇ. ಆದರೆ ಪ್ಲೇ ಒತ್ತಿದರೆ ಕಪ್ಪು ಪರದೆ, ಇಲ್ಲಾ ಬಣ್ಣಬಣ್ಣದ ಚೌಕಗಳು, ಇಲ್ಲಾ ತಲೆಬುಡ ಅರ್ಥವಾಗದ ಒಂದು ಎರರ್.

ಅದೇ ಕಂಪ್ಯೂಟರು ಇಂಟರ್ನೆಟ್ಟಿಂದ 4ಕೆ ವಿಡಿಯೋನ ನೀರು ಕುಡಿದಷ್ಟು ಸಲೀಸಾಗಿ ಓಡಿಸುತ್ತೆ. ಹಾಗಿದ್ರೆ ಇಲ್ಲಿ ಕೆಟ್ಟಿರೋದು ಏನು?

ಬಹಳಷ್ಟು ಸಲ ಏನೂ ಕೆಟ್ಟಿರಲ್ಲ. ಡಿಸ್ಕ್ ಸರಿಯಾಗಿದೆ, ಡ್ರೈವ್ ಸರಿಯಾಗಿದೆ, ಕಂಪ್ಯೂಟರೂ ಸರಿಯಾಗಿದೆ. ಈ ಮೂರರ ನಡುವೆ ಯಾರೋ ಒಬ್ಬರು ಕೂತು "ಇವರನ್ನ ಒಳಗೆ ಬಿಡಬೇಡ" ಅಂತ ಹೇಳಿದ್ದಾರೆ, ಅಷ್ಟೇ. ಆ ಕಾವಲು ಒಂದೇ ದಿನದಲ್ಲಿ ಬಂದದ್ದಲ್ಲ. 1996ರಿಂದ ಇವತ್ತಿನವರೆಗೆ, ಒಂದು ಗೋಡೆ ಬಿದ್ದ ಮೇಲೆ ಇನ್ನೊಂದು ಎತ್ತರದ ಗೋಡೆ ಅನ್ನೋ ಹಾಗೆ ಕಟ್ಟಿಕೊಂಡು ಬಂದದ್ದು. ನಿಮ್ಮ ಪರದೆ ಮೇಲೆ ಬರೋ ಒಂದೊಂದು ಎರರ್ ಹಿಂದೆಯೂ ಒಂದು ಇಸವಿ ಇದೆ, ಒಂದು ಜಗಳ ಇದೆ.

ಈ ಸರಣಿಯಲ್ಲಿ ಆ ಕಥೆಯನ್ನ ಎಂಟು ಭಾಗದಲ್ಲಿ ನೋಡೋಣ. ಕೊನೆಯ ಭಾಗದಲ್ಲಿ ಏನೇನು ಚೆಕ್ ಮಾಡಬೇಕು ಅನ್ನೋ ಪಟ್ಟಿಯೂ ಇರುತ್ತೆ. ಇತಿಹಾಸ ಗೊತ್ತಿದ್ದರೆ ಆ ಪಟ್ಟಿಯನ್ನ ಬಾಯಿಪಾಠ ಮಾಡೋ ಅಗತ್ಯ ಇರಲ್ಲ, ತಾನಾಗಿ ಅರ್ಥವಾಗುತ್ತೆ.

ಭಾಗ 2/8: ನೀಲಿ ಬೆಳಕು

ಮೊದಲು ಹೆಸರಿನಲ್ಲೇ ಇರೋ ನೀಲಿ ಬಣ್ಣದ ವಿಷಯ. ಸಿಡಿ, ಡಿವಿಡಿ, ಬ್ಲೂ-ರೇ ಮೂರೂ ನೋಡೋಕೆ ಒಂದೇ ಅಳತೆ, 12 ಸೆಂಟಿಮೀಟರ್. ವ್ಯತ್ಯಾಸ ಇರೋದು ಓದೋ ಬೆಳಕಿನಲ್ಲಿ. ಸಿಡಿ ಓದೋದು 780 ನ್ಯಾನೋಮೀಟರ್ ಅಲೆಯ ಲೇಸರ್. ಡಿವಿಡಿಗೆ 650, ಅಂದರೆ ಕೆಂಪು. ಬ್ಲೂ-ರೇಗೆ 405, ಅಂದರೆ ನೀಲಿ-ನೇರಳೆ. ಅಲೆ ಸಣ್ಣದಾದಷ್ಟೂ ಬೆಳಕಿನ ಚುಕ್ಕಿ ಸಣ್ಣದು. ದಪ್ಪ ಮೊನೆಯ ಪೆನ್ನಲ್ಲಿ ಬರೆದರೆ ಪುಟಕ್ಕೆ ಹತ್ತು ಸಾಲು ಹಿಡಿಸಬಹುದು, ಸೂಜಿ ಮೊನೆಯಲ್ಲಿ ಐವತ್ತು ಸಾಲು. ಅದೇ ಲೆಕ್ಕ ಇಲ್ಲಿ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಒಂದು ಪದರದ ಬ್ಲೂ-ರೇಯಲ್ಲಿ 25, ಎರಡು ಪದರದ್ದಾದರೆ 50.

ಆ ನೀಲಿ ಬೆಳಕು ಸುಲಭಕ್ಕೆ ಸಿಗಲಿಲ್ಲ. ಜಪಾನಿನ ನಿಚಿಯಾ ಕಂಪನಿಯಲ್ಲಿದ್ದ ಶೂಜಿ ನಾಕಾಮುರಾ 1990ರ ದಶಕದಲ್ಲಿ ಪ್ರಖರವಾದ ನೀಲಿ ಎಲ್‌ಇಡಿಯನ್ನೂ ಆಮೇಲೆ ಅದೇ ದಾರಿಯಲ್ಲಿ ಲೇಸರನ್ನೂ ತಯಾರಿಸಿ ತೋರಿಸಿದರು. ನೀಲಿ ಎಲ್‌ಇಡಿಗಾಗಿ 2014ರ ಭೌತಶಾಸ್ತ್ರದ ನೊಬೆಲ್ ಅವರಿಗೂ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ ಅವರಿಗೂ ಬಂತು. ನಮ್ಮ ಮನೆಯ ಎಲ್‌ಇಡಿ ಬಲ್ಬು ಮತ್ತು ಬ್ಲೂ-ರೇ ಒಂಥರಾ ದಾಯಾದಿಗಳು ಅನ್ನಬಹುದು.

2002ರ ಫೆಬ್ರವರಿಯಲ್ಲಿ ಒಂಬತ್ತು ಕಂಪನಿಗಳು ಸೇರಿ ಬ್ಲೂ-ರೇ ಘೋಷಿಸಿದವು. ಎದುರಿಗೆ ತೋಶಿಬಾದ ಎಚ್‌ಡಿ ಡಿವಿಡಿ. ಎರಡೂ 2006ರಲ್ಲಿ ಸಿನಿಮಾ ಸಮೇತ ಮಾರುಕಟ್ಟೆಗೆ ಬಂದವು. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಬ್ಲೂ-ರೇ ಕಡೆ ವಾಲಿತು, ಫೆಬ್ರವರಿ 19ಕ್ಕೆ ತೋಶಿಬಾ ಸೋಲೊಪ್ಪಿಕೊಂಡಿತು.

ಇಲ್ಲಿಂದ ಎರಡು ಪಾಠ. ಒಂದು, ಡಿವಿಡಿ ಡ್ರೈವಿನ ಕೆಂಪು ಲೇಸರ್ ಬ್ಲೂ-ರೇಯನ್ನ ಯಾವ ಸಾಫ್ಟ್‌ವೇರ್ ಹಾಕಿದರೂ ಓದಲ್ಲ. ಎರಡು, ಬ್ಲೂ-ರೇಯಲ್ಲಿ ಮಾಹಿತಿ ಇರೋದು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗೆ (ಡಿವಿಡಿಯಲ್ಲಿ 0.6). ಅದಕ್ಕೇ ಬೆರಳಚ್ಚು, ಧೂಳು ಇದಕ್ಕೆ ಬೇಗ ತಾಕುತ್ತೆ. 2003ರಲ್ಲಿ ಬಂದ ಮೊದಮೊದಲ ಡಿಸ್ಕುಗಳು ಪ್ಲಾಸ್ಟಿಕ್ ಪೆಟ್ಟಿಗೆಯೊಳಗೇ ಇರ್ತಿದ್ದವು, ಗಟ್ಟಿ ಲೇಪನ ಬಂದ ಮೇಲಷ್ಟೇ ಹೊರಗೆ ಬಂದವು.

ಭಾಗ 3/8: ನಾರ್ವೆಯ ಹುಡುಗ

ಇಲ್ಲಿಂದ ಬೀಗದ ಕಥೆ ಶುರು. 1996ರ ಕೊನೆಗೆ ಜಪಾನಿನಲ್ಲಿ ಡಿವಿಡಿ ಬಂದಾಗ ಅದಕ್ಕೆ ಸಿಎಸ್‌ಎಸ್ ಅನ್ನೋ ಬೀಗ ಹಾಕಿದ್ದರು. 40 ಬಿಟ್‌ನ ಬೀಗ. ಪ್ರತಿ ಪ್ಲೇಯರ್ ತಯಾರಕರಿಗೆ ಒಂದು ಬೀಗದ ಕೈ, ಅಂದರೆ ಕೀ ಕೊಡೋದು, ಅವರು ಅದನ್ನ ಗುಟ್ಟಾಗಿ ಇಟ್ಟುಕೊಳ್ಳೋದು.

ವಿಂಡೋಸಿಗೆ ಪ್ಲೇಯರ್ ಇತ್ತು. ಲಿನಕ್ಸ್ ಬಳಸೋರಿಗೆ ಇರಲಿಲ್ಲ. ದುಡ್ಡು ಕೊಟ್ಟು ತಂದ ಡಿವಿಡಿ ಅವರ ಕಂಪ್ಯೂಟರಲ್ಲಿ ಓಡ್ತಿರಲಿಲ್ಲ. 1999ರ ಅಕ್ಟೋಬರಲ್ಲಿ 'ಡಿಸಿಎಸ್‌ಎಸ್' ಅನ್ನೋ ಪುಟ್ಟ ಪ್ರೋಗ್ರಾಂ ಹೊರಬಂತು, ಬೀಗ ತೆರೆದುಕೊಂಡಿತು. ಅದರ ಹಿಂದಿದ್ದವರಲ್ಲಿ ಹೆಸರು ಹೊರಗೆ ಬಂದದ್ದು ನಾರ್ವೆಯ ಯೋನ್ ಲೆಕ್ ಯೋಹಾನ್ಸನ್ ಅವರದ್ದು. ಆಗ ವಯಸ್ಸು 15. 2000ದ ಜನವರಿಯಲ್ಲಿ ಪೊಲೀಸರು ಮನೆ ಹುಡುಕಿ ಕಂಪ್ಯೂಟರ್ ಹೊತ್ತೊಯ್ದರು. ಕೇಸು ನಡೀತು. 2003ರ ಜನವರಿಯಲ್ಲಿ ಕೋರ್ಟು ಖುಲಾಸೆ ಮಾಡಿತು, ಮೇಲ್ಮನವಿಯಲ್ಲೂ ಅದೇ ವರ್ಷ ಡಿಸೆಂಬರಲ್ಲಿ ಖುಲಾಸೆ. ತಾನು ಕೊಂಡ ಡಿಸ್ಕನ್ನ ತಾನು ನೋಡೋದು ಅಪರಾಧ ಅಲ್ಲ ಅನ್ನೋದು ಒಟ್ಟು ತಾತ್ಪರ್ಯ.

ಅಮೆರಿಕದಲ್ಲಿ ಕಥೆ ಬೇರೆ. ಅಲ್ಲಿ 1998ರಲ್ಲೇ ಡಿಎಂಸಿಎ ಕಾನೂನು ಬಂದಿತ್ತು. ಬೀಗ ಒಡೆಯೋ ಸಾಧನ ಹಂಚೋದೇ ಅಲ್ಲಿ ತಪ್ಪು.

ಸಿಎಸ್‌ಎಸ್‌ನ ನಿಜವಾದ ಸೋಲು ಯಾವುದು ಗೊತ್ತಾ? ಬೀಗ ಮುರಿದದ್ದಲ್ಲ. ಮುರಿದ ಮೇಲೆ ಬದಲಾಯಿಸೋಕೆ ದಾರಿಯೇ ಇರಲಿಲ್ಲ. ಜಗತ್ತಿನ ತುಂಬ ಕೋಟಿಗಟ್ಟಲೆ ಪ್ಲೇಯರುಗಳು ಅದೇ ಬೀಗ ನಂಬಿಕೊಂಡು ಕೂತಿದ್ದವು. ಅದಕ್ಕೇ ಇವತ್ತಿಗೂ ಹಳೇ ಡಿವಿಡಿ ವಿಎಲ್‌ಸಿಯಲ್ಲಿ ಹಾಕಿದ ತಕ್ಷಣ ಓಡುತ್ತೆ. ಸ್ಟುಡಿಯೋಗಳು ಅವತ್ತೇ ತೀರ್ಮಾನ ಮಾಡಿದವು: ಮುಂದಿನ ಬೀಗ ದೂರದಿಂದಲೇ ಬದಲಾಯಿಸೋ ಹಾಗಿರಬೇಕು.

ಭಾಗ 4/8: ಬದಲಾಗೋ ಬೀಗ

ಆ ಮುಂದಿನ ಬೀಗದ ಹೆಸರು ಎಎಸಿಎಸ್. ಹಿಂದೆ ಎಂಟು ಕಂಪನಿಗಳು: ಡಿಸ್ನಿ, ವಾರ್ನರ್, ಸೋನಿ, ತೋಶಿಬಾ, ಪ್ಯಾನಸೋನಿಕ್, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್. 40 ಬಿಟ್ ಹೋಗಿ 128 ಬಿಟ್ ಬಂತು. ಆದರೆ ಉದ್ದಕ್ಕಿಂತ ಮುಖ್ಯ ಅದರ ವ್ಯವಸ್ಥೆ.

ಒಂದು ದೊಡ್ಡ ವಠಾರ ಅಂದುಕೊಳ್ಳಿ. ಪ್ರತಿ ಬಾಡಿಗೆದಾರನ ಹತ್ತಿರವೂ ಬೇರೆ ಬೇರೆ ಕೀ. ಎಲ್ಲ ಕೀಗಳೂ ಒಂದೇ ಗೇಟು ತೆರೆಯುತ್ತವೆ. ಒಬ್ಬನ ಕೀ ಕಳ್ಳನ ಕೈಗೆ ಸಿಕ್ಕಿತು ಅಂದರೆ, ಉಳಿದವರಿಗೆ ತೊಂದರೆ ಆಗದ ಹಾಗೆ ಆ ಒಂದು ಕೀ ಮಾತ್ರ ಕೆಲಸ ಮಾಡದಂತೆ ಗೇಟನ್ನ ಬದಲಾಯಿಸಬಹುದು. ಈ ಲೆಕ್ಕದ ಹಿಂದೆ 2001ರಲ್ಲಿ ಡಾಲಿಟ್ ನಾವೊರ್, ಮೋನಿ ನಾವೊರ್, ಜೆಫ್ ಲಾಟ್ಸ್‌ಪೀಚ್ ಬರೆದ ಗಣಿತ ಇದೆ.

ಬ್ಲೂ-ರೇಯಲ್ಲಿ ಆ ಗೇಟು ಡಿಸ್ಕಿನಲ್ಲೇ ಇರುತ್ತೆ. ಹೆಸರು ಎಂಕೆಬಿ. ಹೊಸ ಡಿಸ್ಕ್ ಅಚ್ಚಾದಾಗ ಹೊಸ ಗೇಟು. ಹಾಗಾಗಿ ಎರಡು ವರ್ಷ ಹಳೇ ಪ್ಲೇಯರ್ ಸಾಫ್ಟ್‌ವೇರಲ್ಲಿ ಹಳೇ ಸಿನಿಮಾ ಓಡುತ್ತೆ, ಹೊಸ ಸಿನಿಮಾ "ಅಪ್‌ಡೇಟ್ ಮಾಡಿ" ಅನ್ನುತ್ತೆ. ಅದು ಸಾಫ್ಟ್‌ವೇರ್ ಮಾರಾಟದ ತಂತ್ರ ಅಂತ ಸುಮಾರು ಜನ ಬೈತಾರೆ. ವ್ಯಾಪಾರವೂ ಇದೆ ಅನ್ನಿ, ಆದರೆ ಮೂಲ ಕಾರಣ ಈ ಗೇಟು. ಕಂಪ್ಯೂಟರಿನ ಪ್ಲೇಯರುಗಳಿಗೆ ಕೊಡೋ ಕೀಗಳನ್ನ ಕಾಲಕಾಲಕ್ಕೆ ಬದಲಾಯಿಸಲೇಬೇಕು ಅನ್ನೋದು ಒಪ್ಪಂದದಲ್ಲೇ ಇದೆ.

ಇನ್ನೊಂದು ಕಾವಲು ಡ್ರೈವಿನೊಳಗೆ. ಡ್ರೈವೂ ಸಾಫ್ಟ್‌ವೇರೂ ಒಬ್ಬರಿಗೊಬ್ಬರು ಗುರುತಿನ ಚೀಟಿ ತೋರಿಸಿಕೊಳ್ಳಬೇಕು. ಚೀಟಿ ರದ್ದಾದವರ ಪಟ್ಟಿ ಹೊಸ ಡಿಸ್ಕುಗಳ ಮೂಲಕವೇ ಬರುತ್ತೆ, ಡ್ರೈವ್ ಅದನ್ನ ತನ್ನ ಮೆಮೊರಿಯಲ್ಲಿ ಬರೆದಿಟ್ಟುಕೊಳ್ಳುತ್ತೆ. ಅಂದರೆ ನೀವು ಒಂದು ಹೊಸ ಡಿಸ್ಕ್ ಒಮ್ಮೆ ಹಾಕಿದರೆ ಸಾಕು, ಪಟ್ಟಿಯಲ್ಲಿರೋ ಹಳೇ ಸಾಫ್ಟ್‌ವೇರ್ ಆಮೇಲೆ ಹಳೇ ಡಿಸ್ಕಿಗೂ ಕೆಲಸ ಮಾಡದೇ ಇರಬಹುದು. ನಿನ್ನೆ ಓಡಿದ್ದು ಇವತ್ತು ಯಾಕೆ ಓಡಲ್ಲ ಅನ್ನೋದಕ್ಕೆ ಇದೂ ಒಂದು ಉತ್ತರ.

ಭಾಗ 5/8: 32 ಅಕ್ಷರಗಳ ಗಲಾಟೆ

ಇಷ್ಟೆಲ್ಲ ಕಟ್ಟಿದ ಗೋಡೆ ಎಷ್ಟು ದಿನ ನಿಂತಿತು? ಡಿಸ್ಕುಗಳು ಬಂದ ವರ್ಷವೇ ಬಿರುಕು. 2006ರ ಡಿಸೆಂಬರಲ್ಲಿ 'ಮಸ್ಲಿಕ್ಸ್64' ಅನ್ನೋ ಅಡ್ಡಹೆಸರಿನವರೊಬ್ಬರು ಎಚ್‌ಡಿ ಡಿವಿಡಿ ಬೀಗ ತೆರೆಯೋ ಪ್ರೋಗ್ರಾಂ ಹೊರಗೆ ಬಿಟ್ಟರು, ಮುಂದಿನ ತಿಂಗಳು ಬ್ಲೂ-ರೇಗೂ. ಅವರು ಹೇಳಿಕೊಂಡ ಕಾರಣ ಕೇಳಿ: ದುಡ್ಡು ಕೊಟ್ಟು ತಂದ ಸಿನಿಮಾ ತನ್ನ ಮಾನಿಟರಿನಲ್ಲಿ ಓಡಲಿಲ್ಲ ಅನ್ನೋ ಸಿಟ್ಟು. ನಾರ್ವೆಯ ಹುಡುಗನ ಕಾಲದ ಅದೇ ತಕರಾರು, ಏಳು ವರ್ಷ ಆದಮೇಲೆ.

ಗಣಿತ ಮುರಿದಿರಲಿಲ್ಲ. ಸಾಫ್ಟ್‌ವೇರ್ ಪ್ಲೇಯರ್ ಸಿನಿಮಾ ಓಡಿಸಬೇಕಾದರೆ ಕೀಯನ್ನ ಒಂದು ಗಳಿಗೆಯಾದರೂ ಕಂಪ್ಯೂಟರಿನ ಮೆಮೊರಿಗೆ ತರಲೇಬೇಕು. ಅಲ್ಲಿ ಹುಡುಕಿದರು, ಸಿಕ್ಕಿತು. ಬೀರು ಎಷ್ಟೇ ಗಟ್ಟಿ ಇರಲಿ, ಬೀಗದ ಕೈ ಮೊಳೆಗೆ ನೇತು ಹಾಕಿದ್ದರೆ ಏನು ಪ್ರಯೋಜನ?

2007ರ ಫೆಬ್ರವರಿಯಲ್ಲಿ ಇನ್ನೂ ದೊಡ್ಡ ಕೀ ಒಂದು ಹೊರಬಿತ್ತು. ಅದು ಆವರೆಗಿನ ಡಿಸ್ಕುಗಳಿಗೆಲ್ಲ ಅನ್ವಯಿಸೋದು. 09 ಎಫ್9 ಅಂತ ಶುರುವಾಗೋ 32 ಅಕ್ಷರಗಳ ಸಾಲು. ಎಎಸಿಎಸ್ ಸಂಸ್ಥೆಯ ವಕೀಲರು ಅದನ್ನ ಪ್ರಕಟಿಸಿದವರಿಗೆ ನೋಟಿಸು ಕಳಿಸಿದರು. ಮೇ 1ರಂದು ಡಿಗ್ ಅನ್ನೋ ಜಾಲತಾಣ ಆ ಪೋಸ್ಟುಗಳನ್ನ ಅಳಿಸತೊಡಗಿತು, ಬಳಕೆದಾರರು ರೊಚ್ಚಿಗೆದ್ದು ಪುಟದ ತುಂಬ ಅದನ್ನೇ ತುಂಬಿಸಿದರು. ರಾತ್ರಿಯಾಗೋದರೊಳಗೆ ಸ್ಥಾಪಕ ಕೆವಿನ್ ರೋಸ್ ಕೈಚೆಲ್ಲಿ, ಇನ್ನು ಅಳಿಸಲ್ಲ ಅಂದರು. ಅದನ್ನ ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡವರಿದ್ದರು, ಬಣ್ಣದ ಪಟ್ಟಿಗಳಾಗಿ ಮಾಡಿ ಬಾವುಟ ಮಾಡಿದವರೂ ಇದ್ದರು.

ಇತ್ತ ಸಾಮಾನ್ಯ ಬಳಕೆದಾರನಿಗೆ ಏನಾಯ್ತು? ಏಪ್ರಿಲಲ್ಲೇ ವಿನ್‌ಡಿವಿಡಿ 8 ಪ್ಲೇಯರಿನ ಹಳೇ ಕೀಗಳನ್ನ ರದ್ದು ಮಾಡೋ ತೀರ್ಮಾನ ಬಂದಿತ್ತು. ಅಪ್‌ಡೇಟ್ ಹಾಕಿಕೊಳ್ಳದವರ ಸಿನಿಮಾ ನಿಂತಿತು. ಬೀಗ ಒಡೆದವರಿಗೆ ಏನೂ ತೊಂದರೆಯಾಗಲಿಲ್ಲ. ಪ್ಲೇಯರ್ ಕೊಂಡವರು ಮಾತ್ರ ಅಪ್‌ಡೇಟ್ ಹುಡುಕಿಕೊಂಡು ಅಲೆದರು.

ಭಾಗ 6/8: ವೈರಿನಲ್ಲೂ ಕಾವಲು

ಈಗ ಡಿಸ್ಕು, ಸಾಫ್ಟ್‌ವೇರು ಎರಡೂ ಒಪ್ಪಿದವು ಅಂದುಕೊಳ್ಳೋಣ. ಇನ್ನೂ ಮಾನಿಟರ್ ಬಾಕಿ ಇದೆ.

ಎಚ್‌ಡಿಎಂಐ ವೈರಿನಲ್ಲಿ ಹೋಗೋ ಚಿತ್ರಕ್ಕೂ ಎಚ್‌ಡಿಸಿಪಿ ಅನ್ನೋ ಬೀಗ ಇದೆ, ಇಂಟೆಲ್ ರೂಪಿಸಿದ್ದು. ಗ್ರಾಫಿಕ್ಸ್ ಕಾರ್ಡ್ "ನೀನು ಯಾರು?" ಅಂತ ಮಾನಿಟರನ್ನ ಕೇಳುತ್ತೆ. ಸರಿಯಾದ ಉತ್ತರ ಬರದಿದ್ದರೆ ಚಿತ್ರ ಇಲ್ಲ. ಹಳೇ ಮಾನಿಟರ್, ಅಗ್ಗದ ಸ್ಪ್ಲಿಟರ್, ಪಕ್ಕದಲ್ಲಿ ಸಿಕ್ಕಿಸಿದ ಎರಡನೇ ಮಾನಿಟರ್, ಸ್ಕ್ರೀನ್ ರೆಕಾರ್ಡ್ ಮಾಡೋ ಆ್ಯಪ್, ದೂರದಿಂದ ಡೆಸ್ಕ್‌ಟಾಪ್ ನೋಡೋ ಪ್ರೋಗ್ರಾಂ, ಇದರಲ್ಲಿ ಯಾವುದಾದರೂ ಒಂದು ಸಾಕು ಕಪ್ಪು ಪರದೆ ಬರೋಕೆ. ವಿಜಿಎ ವೈರಿನ ಕಥೆ ಇನ್ನೂ ಸೀದಾ: 2013ರ ಕೊನೆಯ ನಂತರ ತಯಾರಾಗೋ ಬ್ಲೂ-ರೇ ಪ್ಲೇಯರುಗಳಲ್ಲಿ ಅನಲಾಗ್ ವಿಡಿಯೋ ಹೊರಗೆ ಬಿಡಲೇಬಾರದು ಅನ್ನೋ ನಿಯಮ. ತಮಾಷೆ ಏನಂದ್ರೆ, ಎಚ್‌ಡಿಸಿಪಿಯ ಮೂಲ ಕೀಯೇ 2010ರ ಸೆಪ್ಟೆಂಬರಲ್ಲಿ ಸೋರಿಹೋಯ್ತು, ಇಂಟೆಲ್ ಅದನ್ನ ಒಪ್ಪಿಕೊಂಡಿತು. ಆದರೂ ನಮ್ಮ ಮನೆಯ ಕಾವಲುಗಾರ ಮಾತ್ರ ಇನ್ನೂ ಬಾಗಿಲಲ್ಲೇ ನಿಂತಿದ್ದಾನೆ.

ಕಂಪ್ಯೂಟರ್ ಕಂಪನಿಗಳೂ ಇದರಿಂದ ಬೇಸತ್ತವು. ವಿಸ್ಟಾದಲ್ಲಿ ಮೈಕ್ರೋಸಾಫ್ಟ್ ಈ ಕಾವಲಿಗಾಗಿಯೇ ಒಳಗೆ ದಾರಿ ಕಟ್ಟಿತು. ಅದಕ್ಕೆ ತೆರೋ ಬೆಲೆ ಎಷ್ಟು ಅಂತ ನ್ಯೂಜಿಲೆಂಡಿನ ಪೀಟರ್ ಗುಟ್ಮನ್ 2006ರ ಕೊನೆಯಲ್ಲಿ ಬರೆದ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. ಆದರೆ ಬ್ಲೂ-ರೇ ಸಿನಿಮಾ ಓಡಿಸೋ ಸೌಲಭ್ಯ ವಿಂಡೋಸಿನ ಜೊತೆಗೇ ಯಾವತ್ತೂ ಬರಲಿಲ್ಲ. 2012ರ ವಿಂಡೋಸ್ 8ರಲ್ಲಿ ಡಿವಿಡಿ ಓಡಿಸೋದನ್ನೂ ತೆಗೆದುಹಾಕಿದರು, ಲೈಸೆನ್ಸ್ ಖರ್ಚು ಅಂತ. 2008ರ ಅಕ್ಟೋಬರಲ್ಲಿ ಸ್ಟೀವ್ ಜಾಬ್ಸ್ ಬ್ಲೂ-ರೇಯ ಲೈಸೆನ್ಸ್ ವ್ಯವಹಾರವನ್ನ ನೋವಿನ ಮೂಟೆ ಅಂತ ಕರೆದರು. ಆ್ಯಪಲ್ ಯಾವ ಮ್ಯಾಕಿನಲ್ಲೂ ಬ್ಲೂ-ರೇ ಡ್ರೈವ್ ಹಾಕಲೇ ಇಲ್ಲ.

ಆಮೇಲೆ ಬಂದದ್ದು ಸಿನಾವಿಯಾ. ಇದು ಸಿನಿಮಾದ ಧ್ವನಿಯೊಳಗೇ ಅಡಗಿರೋ ಗುರುತು, ಕಿವಿಗೆ ಗೊತ್ತಾಗಲ್ಲ. 2012ರ ಫೆಬ್ರವರಿಯಿಂದ ಹೊಸ ಪ್ಲೇಯರುಗಳಿಗೆ ಕಡ್ಡಾಯ. ಡಿಸ್ಕು ನಕಲು ಅಂತ ಅನುಮಾನ ಬಂದರೆ ಸ್ವಲ್ಪ ಹೊತ್ತಾದ ಮೇಲೆ ಸದ್ದು ನಿಲ್ಲಿಸಿಬಿಡುತ್ತೆ. ಚಿತ್ರ ಇದೆ, ಸದ್ದಿಲ್ಲ ಅಂದ ತಕ್ಷಣ ಸ್ಪೀಕರ್ ಬಿಚ್ಚೋದಕ್ಕೆ ಮೊದಲು ಪರದೆ ಮೇಲಿನ ಸಂದೇಶ ಓದಿ.

ಭಾಗ 7/8: ಯಜಮಾನನಿಗೇ ಪ್ರವೇಶವಿಲ್ಲದ ಕೋಣೆ

2016ರಲ್ಲಿ 4ಕೆ ಬ್ಲೂ-ರೇ ಬಂತು. 66 ಅಥವಾ 100 ಜಿಬಿ ಡಿಸ್ಕು, ಜೊತೆಗೆ ಎಎಸಿಎಸ್‌ನ ಎರಡನೇ ಆವೃತ್ತಿ. 2007ರಲ್ಲಿ ಮೆಮೊರಿಯಿಂದ ಕೀ ಕದ್ದಿದ್ದರಲ್ಲ, ಈ ಸಲ ಆ ದಾರಿಯನ್ನೇ ಮುಚ್ಚಬೇಕಿತ್ತು.

ಉಪಾಯ ಇಂಟೆಲ್ ಪ್ರೊಸೆಸರಿನಲ್ಲಿದ್ದ ಎಸ್‌ಜಿಎಕ್ಸ್. ಇದು ಚಿಪ್ಪಿನೊಳಗಿನ ಒಂದು ಗುಪ್ತ ಕೋಣೆ. ಅದರೊಳಗೆ ಏನಿದೆ ಅಂತ ವಿಂಡೋಸಿಗೂ ಗೊತ್ತಾಗಲ್ಲ, ಕಂಪ್ಯೂಟರ್ ಕೊಂಡ ನಿಮಗೂ ಗೊತ್ತಾಗಲ್ಲ. ಮನೆ ನಿಮ್ಮದು, ಒಂದು ಕೋಣೆಗೆ ಮಾತ್ರ ನಿಮಗೇ ಪ್ರವೇಶ ಇಲ್ಲ.

2017ರಲ್ಲಿ ಸೈಬರ್‌ಲಿಂಕಿನ ಪವರ್‌ಡಿವಿಡಿ 17 ಇದನ್ನ ಬಳಸಿ ಕಂಪ್ಯೂಟರಿನಲ್ಲಿ 4ಕೆ ಬ್ಲೂ-ರೇ ಓಡಿಸಿತು. ಬೇಕಾದ ಸಾಮಾನಿನ ಪಟ್ಟಿ ಮದುವೆ ಮನೆ ಪಟ್ಟಿಯಷ್ಟು ಉದ್ದ: 7ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, ಎಸ್‌ಜಿಎಕ್ಸ್ ಇರೋ ಮದರ್‌ಬೋರ್ಡ್, ಬಯೋಸಿನಲ್ಲಿ ಅದನ್ನ ಆನ್ ಮಾಡಿರಬೇಕು, ಚಿತ್ರ ಇಂಟೆಲ್‌ನ ಒಳಗ್ರಾಫಿಕ್ಸಿನಿಂದಲೇ ಹೋಗಬೇಕು, ಎಚ್‌ಡಿಸಿಪಿ 2.2 ಇರೋ ಮಾನಿಟರ್, ಒಪ್ಪಿಗೆ ಪಡೆದ ಡ್ರೈವ್. ಎಎಂಡಿ ಪ್ರೊಸೆಸರ್ ಇದ್ದವರಿಗೆ ಬಾಗಿಲೇ ಇಲ್ಲ.

ಆ ಕೋಣೆಯ ಗೋಡೆಯೂ ಗಟ್ಟಿಯಾಗಿರಲಿಲ್ಲ. 2018ರ ಆಗಸ್ಟಲ್ಲಿ ಫೋರ್‌ಶ್ಯಾಡೋ ಅನ್ನೋ ದೋಷವನ್ನ ಸಂಶೋಧಕರು ಪ್ರಕಟಿಸಿದರು, 2019ರಲ್ಲಿ ಪ್ಲಂಡರ್‌ವೋಲ್ಟ್. 2021ರಲ್ಲಿ ಬಂದ 11ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಿಂದ ಇಂಟೆಲ್ ಎಸ್‌ಜಿಎಕ್ಸನ್ನೇ ತೆಗೆದುಬಿಟ್ಟಿತು. ಸರ್ವರ್ ಚಿಪ್ಪುಗಳಲ್ಲಿ ಮಾತ್ರ ಉಳಿಯಿತು.

ಪರಿಣಾಮ ನೋಡಿ. ಹೆಚ್ಚು ದುಡ್ಡು ಕೊಟ್ಟು ಹೊಸ, ವೇಗದ ಕಂಪ್ಯೂಟರ್ ಕೊಂಡವರ 4ಕೆ ಡಿಸ್ಕು ಓಡಲ್ಲ. ಹಳೇ 7ರಿಂದ 10ನೇ ತಲೆಮಾರಿನದ್ದು ಇಟ್ಟುಕೊಂಡವರದ್ದು ಆಗ ಓಡ್ತಿತ್ತು. ಸಾಫ್ಟ್‌ವೇರ್ ಮಾಡಿದ ಕಂಪನಿಯೇ ಹಳೇ ಪ್ರೊಸೆಸರ್ ಬಿಡಬೇಡಿ ಅಂತ ಗ್ರಾಹಕರಿಗೆ ಹೇಳಬೇಕಾಯ್ತು. 2007ರಿಂದ "ಅಪ್‌ಡೇಟ್ ಮಾಡಿ, ಅಪ್‌ಡೇಟ್ ಮಾಡಿ" ಅಂತಿದ್ದ ವ್ಯವಸ್ಥೆ ಈಗ "ದಯವಿಟ್ಟು ಅಪ್‌ಡೇಟ್ ಮಾಡಬೇಡಿ" ಅನ್ನೋ ಸ್ಥಿತಿಗೆ ಬಂತು.

ಭಾಗ 8/8: ಚೆಕ್ ಮಾಡೋ ಪಟ್ಟಿ, ಮತ್ತು ಒಂದು ಪ್ರಶ್ನೆ

ಈಗ ಎರರ್ ಬಂದರೆ ಈ ಕ್ರಮದಲ್ಲಿ ನೋಡಿ. ಪಕ್ಕದಲ್ಲೇ ಕಥೆಯ ಭಾಗ ಹಾಕಿದ್ದೀನಿ.

1. ಡಿಸ್ಕ್ ಕಾಣಿಸ್ತಾನೇ ಇಲ್ವಾ? ಡ್ರೈವ್ ಮೇಲೆ ಬಿಡಿ ಗುರುತು ಇದೆಯಾ ನೋಡಿ. ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. (ಭಾಗ 2)

2. ಫೈಲು ಕಾಣುತ್ತೆ, ಓಡಲ್ವಾ? ಬ್ಲೂ-ರೇ ಲೈಸೆನ್ಸ್ ಇರೋ ಪ್ಲೇಯರ್ ಬೇಕು. ವಿಎಲ್‌ಸಿ ಬ್ಲೂ-ರೇ ಅರ್ಥ ಮಾಡಿಕೊಳ್ಳುತ್ತೆ, ಆದರೆ ಕೀಗಳು ಅದರ ಜೊತೆ ಬರಲ್ಲ. (ಭಾಗ 4)

3. ಹಳೇದು ಓಡುತ್ತೆ, ಹೊಸದು ಓಡಲ್ವಾ? ಪ್ಲೇಯರ್ ಅಪ್‌ಡೇಟ್ ಮಾಡಿ. (ಭಾಗ 4, 5)

4. ಕಪ್ಪು ಪರದೆಯಾ? ಒಂದೇ ಮಾನಿಟರ್, ಒಂದೇ ಎಚ್‌ಡಿಎಂಐ ವೈರು, ನಡುವೆ ಏನೂ ಬೇಡ. ರೆಕಾರ್ಡಿಂಗ್ ಆ್ಯಪ್ ಮುಚ್ಚಿ. (ಭಾಗ 6)

5. 4ಕೆ ಡಿಸ್ಕಾ? ಕಂಪ್ಯೂಟರಿನಲ್ಲಿ ಈಗಲೂ ಓಡುತ್ತಾ ಅಂತ ಮೊದಲು ಖಚಿತ ಮಾಡಿಕೊಳ್ಳಿ, ಆಮೇಲೆ ದುಡ್ಡು ಖರ್ಚು ಮಾಡಿ. (ಭಾಗ 7)

6. ಅಮೆರಿಕದಿಂದ ನೆಂಟರು ತಂದ ಡಿಸ್ಕಾ? ಬ್ಲೂ-ರೇಗೆ ಜಗತ್ತನ್ನ ಮೂರು ಹೋಳು ಮಾಡಿದ್ದಾರೆ. ಅಮೆರಿಕ, ಜಪಾನ್ ಎ. ಯುರೋಪ್, ಆಸ್ಟ್ರೇಲಿಯಾ ಬಿ. ಭಾರತ, ಚೀನಾ, ರಷ್ಯಾ ಸಿ. ಕಂಪ್ಯೂಟರಿನಲ್ಲಿ ಈ ಹೋಳನ್ನ ನೋಡೋದು ಪ್ಲೇಯರ್ ಸಾಫ್ಟ್‌ವೇರು, ಅಲ್ಲೇ ಬದಲಾಯಿಸಬಹುದು, ಆದರೆ ಕೆಲವೇ ಸಲ. 4ಕೆ ಡಿಸ್ಕಿಗೆ ಈ ಕಾಟ ಇಲ್ಲ.

ಕಾನೂನು ಏನನ್ನುತ್ತೆ? ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ವಿಧಿ ಸೇರಿತು. ಹಕ್ಕು ಉಲ್ಲಂಘಿಸೋ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ. ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಅದು ಅನ್ವಯಿಸಲ್ಲ ಅಂತ ಅದೇ ವಿಧಿಯಲ್ಲಿದೆ. ಅಮೆರಿಕಕ್ಕಿಂತ ಇಲ್ಲಿನ ಮಾತು ಸ್ವಲ್ಪ ಮೆದು.

ಕೊನೆಯದಾಗಿ ಒಂದು ಮಾತು. 2025ರ ಫೆಬ್ರವರಿಗೆ ಸೋನಿ, ನಾವೇ ಬರೆದುಕೊಳ್ಳೋ ಖಾಲಿ ಬ್ಲೂ-ರೇ ಡಿಸ್ಕುಗಳ ತಯಾರಿಕೆ ನಿಲ್ಲಿಸಿತು. ಪ್ಲೇಯರ್ ಮಾಡೋ ಕಂಪನಿಗಳೂ ಒಂದೊಂದಾಗಿ ಹಿಂದೆ ಸರೀತಿವೆ. ಸಿನಿಮಾ ಡಿಸ್ಕುಗಳು ಮಾತ್ರ ಕಪಾಟಿನಲ್ಲಿ ಇನ್ನೂ ಎಷ್ಟೋ ವರ್ಷ ಕೆಡದೆ ಇರುತ್ತವೆ. ಆಗ ಅದನ್ನ ತೆರೆಯೋ ಕೀ ಹೊಸದಾಗಿ ಕೊಡೋರು ಯಾರು? ಸಾಫ್ಟ್‌ವೇರ್ ಕಂಪನಿ ಮುಚ್ಚಿದರೆ ಅಪ್‌ಡೇಟ್ ಎಲ್ಲಿಂದ ಬರುತ್ತೆ?

ಅಜ್ಜನ ಕಾಲದ ಗ್ರಾಮಫೋನ್ ತಟ್ಟೆ ಇವತ್ತಿಗೂ ಹಾಡುತ್ತೆ. ಅದಕ್ಕೆ ಬೇಕಾದದ್ದು ಒಂದು ಮುಳ್ಳು, ಯಾರ ಒಪ್ಪಿಗೆಯೂ ಅಲ್ಲ. ನಿಮ್ಮ ಮನೆಯಲ್ಲಿ ಇಷ್ಟಪಟ್ಟು ಇಟ್ಟುಕೊಂಡ ಡಿಸ್ಕುಗಳಿದ್ದರೆ, ಅದನ್ನ ಓಡಿಸೋ ಪ್ಲೇಯರನ್ನೂ ಅಷ್ಟೇ ಜೋಪಾನವಾಗಿ ಇಟ್ಟುಕೊಳ್ಳಿ. ಟಿವಿಗೆ ಸಿಕ್ಕಿಸೋ ಬಿಡಿ ಪ್ಲೇಯರ್ ಆದರೆ ಇನ್ನೂ ಒಳ್ಳೇದು, ಈ ಜಗಳಗಳಲ್ಲಿ ಅರ್ಧ ಅದರ ಹತ್ತಿರ ಬರಲ್ಲ.

ನಿಮ್ಮ ಪರದೆ ಮೇಲೆ ಬಂದ ಎರರ್ ಯಾವುದು? ಕಾಮೆಂಟಲ್ಲಿ ಬರೀರಿ, ಅದು ಯಾವ ಇಸವಿಯ ಜಗಳ ಅಂತ ಒಟ್ಟಿಗೆ ನೋಡೋಣ. ಡ್ರೈವ್ ಕೊಳ್ಳೋಕೆ ಎಸ್.ಪಿ. ರೋಡ್ ಕಡೆ ಹೊರಟಿರೋ ಸ್ನೇಹಿತರಿದ್ದರೆ ಇದನ್ನ ಮೊದಲು ಅವರಿಗೆ ಕಳಿಸಿ.

#ಬ್ಲೂರೇ #ತಂತ್ರಜ್ಞಾನದಇತಿಹಾಸ #ಕನ್ನಡದಲ್ಲಿಟೆಕ್ #ಡಿಸ್ಕ್ಕಥೆ